ಅಂದಾಜಣ್ಣನ ದೊಗಳೆ ಅಂಗಿಗಳು

ಅಂದಾಜಣ್ಣ ಟೇಪು ಹಿಡಿದು ಅಳತೆ ತೆಗೆದದ್ದನ್ನು ಕಂಡವರಿಲ್ಲ. ಹೆಸರಿಗೆ ಟೈಲರು ಅಂತ ಕೊರಳಲ್ಲೊಂದು ಟೇಪು ಜೋತಾಡುತ್ತಿತ್ತು, ಅಷ್ಟೆ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಎದೆ, ಸೊಂಟ, ಭುಜ ಎಲ್ಲವೂ ಇವನ ತಲೆಯೊಳಗೆ ಬಂದು ಕೂತಿರುತ್ತಿದ್ದವು. ಗೋಡೆಯಾಚೆ ಯಾರಾದರೂ ಕೆಮ್ಮಿದರೆ ಅವರ ಕಾಲರ್ ಸೈಜು ಹೇಳುತ್ತಿದ್ದ ಎನ್ನುತ್ತಿದ್ದರು ಊರವರು. ಕಡಿಮೆಯೇ ಹೇಳಿರಬೇಕು.

ಆಮೇಲೆ ಊರಿನಲ್ಲಿ ಕಾಳಗ ಶುರುವಾಯಿತು. ಅಂಗಡಿ ಸುಟ್ಟು ಬೂದಿಯಾಯಿತು. ಉಟ್ಟ ಬಟ್ಟೆಯಲ್ಲಿ, ಹೆಂಡತಿ ಮತ್ತು ಟೇಪಿನ ಸಮೇತ, ಅಂದಾಜಣ್ಣ ಊರವರ ಹಿಂದೆ ವಾರಗಟ್ಟಲೆ ನಡೆದ. ಕೊನೆಗೆ ಗುರುತು ಪರಿಚಯವಿಲ್ಲದ ಪಟ್ಟಣವೊಂದರ ಗೋದಾಮಿನಲ್ಲಿ ಎಲ್ಲರಿಗೂ ಜಾಗ ಸಿಕ್ಕಿತು. ಚಾಪೆ, ಕಂಬಳಿ, ಬಿಸಿ ಊಟ ಸಿಕ್ಕಿತು. ಬೇಯಿಸಿ ಬಡಿಸುತ್ತಿದ್ದವಳು ಆ ಪಟ್ಟಣದವಳೇ ಆದ ಅಡುಗೆ ಅಕ್ಕ. ಅವಳ ಹಂಡೆಯಲ್ಲಿ ಆನೆ ಈಜಬಹುದಿತ್ತು. ಅವಳ ದನಿ ಕೇಳಿದರೆ ಆ ಆನೆ ಹೆದರಿ ದಡ ಸೇರುತ್ತಿತ್ತು.

ಅಂದಾಜಣ್ಣನಿಗೆ ಮಾತ್ರ ಊಟದ ಸಾಲಿನಲ್ಲಿ ನಿಲ್ಲುವುದೇ ಕಷ್ಟವಾಗುತ್ತಿತ್ತು.

"ದುಡಿಯೋ ಕೈ ಕಣೇ ಇದು. ಬರೀ ತಟ್ಟೆ ಹಿಡ್ಕೊಂಡು ನಿಲ್ಲೋಕೆ ನಾಚಿಕೆ ಆಗುತ್ತೆ."

"ನಾಚಿಕೆ ಆಮೇಲೆ ಪಡೋರಂತೆ. ಹಿಂದೆ ಜನ ನಿಂತಿದ್ದಾರೆ, ಮುಂದೆ ನಡೀರಿ," ಎಂದಳು ಹೆಂಡತಿ.

ಈ ಮಾತು ಆ ನಿರಾಶ್ರಿತರ ಶಿಬಿರ ನೋಡಿಕೊಳ್ಳುತ್ತಿದ್ದ ಮೇಡಂ ಕಿವಿಗೆ ಬಿತ್ತು. ಮರುದಿನವೇ ಹೊಲಿಗೆ ಮಷೀನೊಂದನ್ನೂ ಬಟ್ಟೆಯ ತಾನುಗಳನ್ನೂ ತರಿಸಿದರು.

"ಎಲ್ಲರಿಗೂ ಒಂದೊಂದು ಅಂಗಿ ಹೊಲೀರಿ. ಕೆಲಸ ಚೆನ್ನಾಗಿದ್ರೆ ಮಷೀನು ನಿಮ್ಮ ಹತ್ರಾನೇ ಇರುತ್ತೆ. ಇಲ್ದಿದ್ರೆ ಬೇರೆ ಶಿಬಿರದವರು ಕೇಳ್ತಿದ್ದಾರೆ. ಅಳತೆ ತಗೊಳ್ಳಲ್ವಾ?"

"ನಮ್ಮೂರವರಲ್ವಾ ಮೇಡಂ, ಎಲ್ಲಾ ಇಲ್ಲಿದೆ," ಎಂದು ಅಂದಾಜಣ್ಣ ತಲೆ ತಟ್ಟಿಕೊಂಡ.

ಹೊಲಿದ. ಹಂಚಿದ. ಬೇಕರಿಯವನ ಅಂಗಿಯೊಳಗೆ ಬೇಕರಿಯವನನ್ನು ಹುಡುಕಬೇಕಾಯಿತು. ಮೇಷ್ಟರು ಒಳಗೇ ತಿರುಗಿ ನಿಂತರೂ ಅಂಗಿ ಮುಂದೆಯೇ ನೋಡುತ್ತಿತ್ತು. ಗಾಳಿ ಬೀಸಿದಾಗ ಒಬ್ಬ ಅಜ್ಜಿಯನ್ನು ನಾಲ್ಕು ಜನ ಹಿಡಿದು ನಿಲ್ಲಿಸಿ ಉಳಿಸಿಕೊಂಡರು.

"ಏನ್ರೀ ಇದು? ಅಂಗಿ ಹೊಲೀರಿ ಅಂದ್ರೆ ಡೇರೆ ಹೊಲಿದಿದ್ದೀರಲ್ಲ!" ಮೇಡಂ ಕಣ್ಣು ಮಷೀನಿನ ಕಡೆ ಹೋಯಿತು. ಅಂದಾಜಣ್ಣ ಮಷೀನಿಗೆ ಅಡ್ಡ ನಿಂತ.

ಬೇಕರಿಯವನು ಮುಂದೆ ಬಂದ. "ಇವನದೇನೂ ತಪ್ಪಿಲ್ಲ ಮೇಡಂ. ಇದು ನನ್ನ ಅಳತೆನೇ. ಊರು ಬಿಟ್ಟಾಗ ನಾನು ಇಷ್ಟಿದ್ದೆ," ಎಂದು ಅಂಗಿಯನ್ನು ಹೊಟ್ಟೆಯಿಂದ ಮುಂದಕ್ಕೆಳೆದು ತೋರಿಸಿದ.

ಯಾರೂ ನಗಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಅಂಗಿಯೊಳಗಿನ ಖಾಲಿ ಜಾಗವನ್ನು ಮುಟ್ಟಿ ನೋಡಿಕೊಂಡರು.

ಅಡುಗೆ ಅಕ್ಕ ಸೌಟು ಹಿಡಿದುಕೊಂಡೇ ಬಂದಳು. "ಒಂದು ಹೊಲಿಗೆನೂ ಬಿಚ್ಚಬೇಡಿ. ಅಂಗಿ ಸರಿಯಾಗೇ ಇದೆ. ಒಳಗಿರೋರನ್ನ ಸರಿ ಮಾಡೋದು ನನ್ನ ಕೆಲಸ. ಮಷೀನು ಇಲ್ಲೇ ಬಿಟ್ಟುಹೋಗಿ ಮೇಡಂ."

"ಎಷ್ಟು ದಿನ?"

"ನೀವು ದಿನಸಿ ಕಳಿಸ್ತಾ ಇರಿ, ದಿನ ನಾನು ನೋಡ್ಕೋತೀನಿ."

ಮುಂದಿನ ಸಲ ಬಂದಾಗ ನೋಡೋಣ ಎಂದು ಮೇಡಂ ಹೊರಟರು. ಅಲ್ಲಿಂದ ಸೌಟಿಗೆ ಬಿಡುವಿಲ್ಲ. ಸಾಕು ಎಂದವನ ತಟ್ಟೆಗೆ ಇನ್ನೊಂದು ಸೌಟು. ಕೈ ಅಡ್ಡ ಹಿಡಿದವನ ಕೈ ಮೇಲೇ ಇನ್ನೊಂದು. "ಮೇಷ್ಟ್ರೇ, ಬೆನ್ನ ಹತ್ರ ಇನ್ನೂ ಜಾಗ ಇದೆ, ಕೂತ್ಕೊಳ್ಳಿ!"

ಮೇಡಂ ಮತ್ತೆ ಬಂದ ದಿನ ಬೇಕರಿಯವನು ಎದ್ದು ನಮಸ್ಕಾರ ಮಾಡಿದ. ಅಂಗಿಯ ಗುಂಡಿಯೊಂದು ಚಿಮ್ಮಿ, ಗೋದಾಮಿನ ಉದ್ದಕ್ಕೂ ಹಾರಿ, ಹಂಡೆಗೆ ಟಣ್ಣೆಂದು ಬಡಿಯಿತು. ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಿದ್ದ ಜನ ಮೊದಲ ಸಲ ಸದ್ದು ಕೇಳಿ ನಕ್ಕರು.

"ಇನ್ನು ಸಡಿಲ ಮಾಡೋಕೆ ಮಷೀನು ಬೇಕಾಗುತ್ತಲ್ಲ," ಎಂದರು ಮೇಡಂ ನಗು ತಡೆಯುತ್ತ. "ಇಲ್ಲೇ ಇರಲಿ."

ಅಂದಾಜಣ್ಣ ನೆಟ್ಟಗೆ ಅಡುಗೆ ಒಲೆಯ ಹತ್ತಿರ ಹೋದ. ಕೊರಳಿಂದ ಟೇಪು ತೆಗೆದ.

"ರೀ, ಟೇಪಾ! ಜ್ವರ ಗಿರ ಬಂದಿದೆಯಾ?" ಹೆಂಡತಿ ಹೌಹಾರಿದಳು.

"ಅಕ್ಕನಿಗೊಂದು ಹೊಲೀಬೇಕು. ಈಕೆಯದು ಅಂದಾಜಿಗೆ ಸಿಗೋ ಅಳತೆ ಅಲ್ಲ ಕಣೇ. ಸುತ್ತ ಹಿಡಿ."

"ಆ ಟೇಪು ನನಗೆ ಸುತ್ತು ಬರಲ್ಲಣ್ಣ," ಎಂದು ಅಡುಗೆ ಅಕ್ಕ ನಕ್ಕಳು. ನಿಜವೇ, ಸಾಲಲಿಲ್ಲ. ಟೇಪು ಮುಗಿದಲ್ಲಿ ಹೆಂಡತಿ ಬೆರಳಿಟ್ಟು ಮತ್ತೆ ಹಿಡಿದಳು. ಅಂದಾಜಣ್ಣ ಬಗ್ಗಿ ನೋಡಿದ. ಮಂಜಾದ ಕಣ್ಣಿಗೆ ಅಂಕಿಗಳೆಲ್ಲ ಕಲಸಿಹೋದಂತೆ ಕಂಡವು.

"ಎಷ್ಟಾಯ್ತಣ್ಣ?"

"ತುಂಬಾ ಅಕ್ಕ. ತುಂಬಾ."

"ಅದು ನನಗೂ ಗೊತ್ತು. ಹೋಗು, ತಟ್ಟೆ ತಗೊಂಡು ಬಾ."

ಅಂದಾಜಣ್ಣ ತಟ್ಟೆ ಹಿಡಿದು ಸಾಲಿನಲ್ಲಿ ನಿಂತ, ಕೊರಳಲ್ಲಿ ಟೇಪು ಹಾಕಿಕೊಂಡು.