ಹುಳ ನಿಜವಾಗಿ ಹಣ್ಣಾದ ದಿನ

ಆಗದೇ ಇರುವುದನ್ನು ಕಣ್ಣಾರೆ ಕಂಡು, ಖುಷಿಪಟ್ಟು, ಅದಕ್ಕೊಂದು ಟೆಂಪೋ ಕರೆಸಿದ್ದು ನಿಮಗೆ ಯಾವತ್ತಾದರೂ ಆಗಿದೆಯಾ?

ನನಗೆ ಆಗಿದೆ. ಹೋದ ತಿಂಗಳೇ.

ನನಗೆ ಬೈಪೋಲಾರ್ ಇರುವುದು ನಿಮಗೆಲ್ಲ ಗೊತ್ತು. (ಹೊಸಬರಿಗೆ: ಮನಸ್ಸು ಒಮ್ಮೆ ಅಟ್ಟ ಹತ್ತುತ್ತದೆ, ಒಮ್ಮೆ ಬಾವಿಗೆ ಇಳಿಯುತ್ತದೆ. ಮಾತ್ರೆ ಇದೆ, ಡಾಕ್ಟರ್ ಇದ್ದಾರೆ, ಅಯ್ಯೋ ಪಾಪ ಬೇಡ.) ಯಾರೂ ಕೇಳದ ವಿಷಯ ಅಂದರೆ ತಲೆಯಲ್ಲಿ ಮೂಡುವ ಚಿತ್ರಗಳು. ನಿಮಗೆ 'ಬೆಳೆ ಚೆನ್ನಾಗಿ ಬರಬಹುದು' ಎಂಬ ಯೋಚನೆ ಬರುತ್ತದೆ. ನನಗೆ ಯೋಚನೆ ಬರುವುದಿಲ್ಲ, ಬೆಳೆಯೇ ಬಂದುಬಿಡುತ್ತದೆ. ಬಣ್ಣ, ವಾಸನೆ ಸಮೇತ. ಅಟ್ಟದಲ್ಲಿದ್ದಾಗ ಒಂದೊಂದು ರೇಷ್ಮೆಗೂಡೂ ಹಲಸಿನಕಾಯಿ ಗಾತ್ರ. ಬಾವಿಯಲ್ಲಿದ್ದಾಗ ಹುಳವೆಲ್ಲ ಸತ್ತು ಬಿದ್ದಿರುತ್ತವೆ, ನಾನು ಕೂತು ಅಳುತ್ತಿರುತ್ತೇನೆ. ನಿಜವಾದ ಹುಳಗಳು ಪಕ್ಕದಲ್ಲೇ ಕರಕರ ಸೊಪ್ಪು ತಿನ್ನುತ್ತಿರುತ್ತವೆ!

ಸಾತನೂರಿನ ಹತ್ತಿರ ನಮ್ಮದು ರೇಷ್ಮೆ ಕೆಲಸ. ಹುಳ ಹಣ್ಣಾದರೆ, ಅಂದರೆ ತಿನ್ನುವುದು ಬಿಟ್ಟು ನೂಲು ಬಿಡಲು ಶುರು ಮಾಡಿದರೆ, ಕೂಡಲೇ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ತಡವಾಯಿತೋ, ಸೊಪ್ಪಿನಲ್ಲೇ ಗೂಡು ಕಟ್ಟಿ ತಿಂಗಳ ಕೆಲಸ ಮಣ್ಣು. ಚಂದ್ರಿಕೆ ನಾವು ಬಾಡಿಗೆಗೆ ತರುತ್ತೇವೆ.

ಆವತ್ತು ಹಲ್ಲುಜ್ಜುತ್ತಿದ್ದಾಗ ಅರವತ್ತು ಚಂದ್ರಿಕೆ ತುಂಬ ಗೂಡು ಕಂಡೆ. ಬಾಯಲ್ಲಿ ನೊರೆ ಇಟ್ಟುಕೊಂಡೇ ಬಾಡಿಗೆ ಕೊಡುವ ಕೆಂಪಣ್ಣನಿಗೆ ಫೋನ್ ಮಾಡಿದೆ. ಟೆಂಪೋ ತುಂಬಿಕೊಂಡು ಬಂದವನು ಹುಳುಮನೆಗೆ ಇಣುಕಿ ನಿಂತುಬಿಟ್ಟ.

"ಏನ್ಲಾ ಇದು? ಜಯಮ್ಮ ಇನ್ನೂ ಸೊಪ್ಪು ಹೆಚ್ಚಿ ಹೆಚ್ಚಿ ಹಾಕ್ತಾವ್ಳೆ! ಇವ್ಕೆ ಚಂದ್ರಿಕೆ ಅಲ್ಲ ಕಣ್ಲಾ, ತೊಟ್ಲು ಬೇಕು."

(ಎಳೆ ಹುಳಕ್ಕೆ ಮಾತ್ರ ಸೊಪ್ಪು ಹೆಚ್ಚಿ ಹಾಕುವುದು. ಹಣ್ಣಾಗಲು ಇನ್ನೂ ಎರಡು ವಾರ ಬೇಕಿತ್ತು.)

ನನ್ನ ಹೆಂಡತಿ ಜಯಮ್ಮ ಅಲ್ಲೇ ಕಾನೂನು ಮಾಡಿದಳು. "ಕೆಂಪಣ್ಣ, ಇವ್ರು ಫೋನ್ ಮಾಡುದ್ರೆ ಕಳಿಸ್ಬ್ಯಾಡ. ನಾನ್ ಮಾಡುದ್ರೆ ಕಳ್ಸು."

ಸರಿ, ಎರಡು ವಾರ ಕಳೆಯುತ್ತಾ ಬಂತು. ಜಯಮ್ಮ ಕನಕಪುರಕ್ಕೆ ತಂಗಿ ಮಗಳ ಸೀಮಂತಕ್ಕೆ ಹೋದಳು. ಲೆಕ್ಕದ ಪ್ರಕಾರ ಹುಳ ಹಣ್ಣಾಗುವುದು ನಾಳಿದ್ದು. ಸೆಕೆಗೆ ಹುಳ ಬೇಗ ಹಣ್ಣಾಗುತ್ತದೆ, ಬಿಸಿಲಿಗೆ ಲೆಕ್ಕ ಗೊತ್ತಾ? ಮಧ್ಯಾಹ್ನ ನೋಡುತ್ತೇನೆ, ಹುಳ ಗಾಜಿನ ಹಾಗೆ ಆಗಿ ತಲೆ ಎತ್ತಿ ಆಡಿಸುತ್ತಿವೆ.

ಮೊದಲು ನಾನೇ ನಂಬಲಿಲ್ಲ. ಚಿತ್ರವೋ, ಹುಳವೋ? ಒಂದನ್ನು ಅಂಗೈ ಮೇಲೆ ಇಟ್ಟುಕೊಂಡೆ. ಉಚ್ಚೆ ಹೊಯ್ಯಿತು. (ನೂಲು ಬಿಡುವ ಮೊದಲು ಹುಳ ಮೈ ಖಾಲಿ ಮಾಡಿಕೊಳ್ಳುತ್ತದೆ.) ನನ್ನ ತಲೆಯ ಚಿತ್ರಗಳು ಎದೆ ತುಂಬಿಸುತ್ತವೆ, ಕಣ್ಣು ಒದ್ದೆ ಮಾಡಿಸುತ್ತವೆ. ಅಂಗೈ ಒದ್ದೆ ಮಾಡಿದ್ದು ಇಲ್ಲವೇ ಇಲ್ಲ. ಖುಷಿಯೂ ಆಗಲಿಲ್ಲ, ಅಸಹ್ಯ ಆಯಿತು. ಹಾಗಾದರೆ ನಿಜ!

ಕೆಂಪಣ್ಣನಿಗೆ ಫೋನ್ ಮಾಡಿದೆ. "ಬುಡ್ಲಾ, ಜಯಮ್ಮನ್ ಕೈಲಿ ಹೇಳ್ಸು" ಅಂದು ಕಟ್ ಮಾಡಿದ.

ಜಯಮ್ಮನಿಗೆ ಮಾಡಿದೆ. ಹಿಂದೆ ಓಲಗ, ಹೆಂಗಸರ ಗಲಾಟೆ.

"ಹುಳ ಹಣ್ಣಾಗವೆ ಕಣೇ!"

"ಮಾತ್ರೆ ತಗೊಂಡ್ರಾ?"

"ತಗೊಂಡಿವ್ನಿ. ಫೋಟೋ ಕಳ್ಸಿವ್ನಿ, ನೋಡು!"

"ಹೋದ್ ಬೆಳೇದು ಕಳ್ಸಿರ್ತೀರ. ಯಾಕಿಂಗ್ ಕಿರುಚ್ತಾ ಇದೀರ? ನೋಡಿ, ಶುರುವಾಯ್ತು."

ಕಿರುಚಿದರೆ ಅಟ್ಟ. ಸರಿ, ದನಿ ತಗ್ಗಿಸಿದೆ.

"ಯಾಕಿಷ್ಟ್ ಮೆತ್ಗೆ ಮಾತಾಡ್ತಿದೀರ? ಬೇಜಾರಾ? ಹಟ್ಟೀಲೇ ಇರಿ, ಬಂದೆ."

ಮೆತ್ತಗಾದರೆ ಬಾವಿ! ಮಧ್ಯದ ದನಿ ಯಾವುದು, ಹೇಳಿ? ಅಷ್ಟರಲ್ಲಿ ನಾಲ್ಕು ಹುಳ ಸೊಪ್ಪು ಮಡಿಸಿಕೊಂಡು ನೂಲು ಸುತ್ತಲು ಶುರು ಮಾಡಿದ್ದವು.

"ಜಯಾ, ಒಂದು ನನ್ ಅಂಗೈ ಮ್ಯಾಲೆ ಉಚ್ಚೆ ಉಯ್ದ್ಬುಡ್ತು ಕಣೇ."

ಓಲಗದ ಸದ್ದು ದೂರವಾಯಿತು, ಅವಳು ಎದ್ದು ಹೊರಗೆ ಬಂದಿದ್ದಳು.

"ಉಯ್ತಾ?"

"ಹೂಂ."

"ಅಯ್ಯೋ ಶಿವ್ನೆ! ಮೊದ್ಲೇ ಹೇಳಕೇನಾಗಿತ್ತು? ಇಡಿ ಫೋನು, ಕೆಂಪಣ್ಣಂಗೆ ಮಾಡ್ತೀನಿ."

ಅರ್ಧ ಗಂಟೆಗೆ ಟೆಂಪೋ ಬಂತು. ಕೆಂಪಣ್ಣ ಕಕ್ಕಾಬಿಕ್ಕಿಯಾಗಿ ತಾನೂ ಹುಳ ಆರಿಸಲು ಕೂತ. ಬೆಳೆ ಉಳಿಯಿತು.

ಸಂಜೆ ಬಸ್ಸಿಳಿದು ಬಂದ ಜಯಮ್ಮ ಚಂದ್ರಿಕೆಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ನನ್ನ ಪಕ್ಕ ಕೂತು, "ಇನ್ಮೇಲೆ ನೀವು ಹೇಳುದ್ರೆ ಒಂದ್ಸಲ ಎದ್ದು ಬಂದು ನೋಡ್ತೀನಿ" ಅಂದಳು. ನಂಬುತ್ತೇನೆ ಅನ್ನಲಿಲ್ಲ. ನೋಡುತ್ತೇನೆ ಅಂದಳು. ನನಗೆ ಅಷ್ಟು ಸಾಕು.

ನಿಮ್ಮ ಮನೆಯಲ್ಲೂ ನನ್ನಂಥವರು ಇರಬಹುದು. ನೀವೇ ಆಗಿರಬಹುದು. ಕೆಳಗೆ ಕಾಮೆಂಟಿನಲ್ಲಿ ಬರೆಯಿರಿ: ಕಾಯಿಲೆಯವನು ಸುಳ್ಳು ಕಂಡ ಕಥೆ ಊರಿಗೆಲ್ಲ ಗೊತ್ತು, ಅವನು ನಿಜ ಹೇಳಿದ ದಿನ ಎದ್ದು ಹೋಗಿ ನೋಡಿದವರು ಯಾರು?