ಗೆರೆ ಮೇಸ್ತ್ರಿಗೆ ನೀರು ಬಿಡುವವರು

ನನ್ನ ಭಾವನನ್ನು ಕೆಲಸದ ಜಾಗದಲ್ಲಿ ಎಲ್ಲರೂ ಕರೆಯುವುದು ಗೆರೆ ಮೇಸ್ತ್ರಿ ಎಂದೇ. ಗ್ರಾನೈಟ್ ಇರಲಿ, ಕಾಂಕ್ರೀಟ್ ಇರಲಿ, ಅವರು ಎಳೆದ ಪೆನ್ಸಿಲ್ ಗೆರೆ ಬಿಟ್ಟು ಕಟಿಂಗ್ ಮಷಿನ್ನಿನ ಬ್ಲೇಡ್ ಆಚೀಚೆ ಹೋದದ್ದನ್ನು ನಾನು ಕಂಡಿಲ್ಲ. ನಾನು ಟೈಲ್ಸ್ ಕೂರಿಸುವವನು. ನನ್ನ ಗೆರೆಗಳ ವಿಷಯ ಬೇಡ ಬಿಡಿ.

ಆ ಹೆಸರಿನಲ್ಲಿ ಅರ್ಧ ಪಾಲು ನಮ್ಮಕ್ಕನದು. ಕಲ್ಲನ್ನು ನೀರಿಲ್ಲದೆ ಕೊಯ್ದರೆ ಏಳುವ ಧೂಳು ಕಣ್ಣಿಗೆ ಕಂಡದ್ದಕ್ಕಿಂತ ಹೆಚ್ಚು ಎದೆಗೆ ಇಳಿಯುತ್ತದೆ. ಅದಕ್ಕೇ ಬ್ಲೇಡ್ ಕಲ್ಲು ಮುಟ್ಟುವಲ್ಲಿ ಒಂದೇ ಸಮನೆ ನೀರು ಬೀಳುತ್ತಿರಬೇಕು. ಮುಚ್ಚಳಕ್ಕೆ ತೂತು ಕೊರೆದ ಬಾಟಲಿ ಹಿಡಿದು, ಭಾವನ ಎಡಕ್ಕೆ ಕೂತು ಆ ನೀರು ಬಿಡುತ್ತಿದ್ದವಳು ಅಕ್ಕ. ಭಾವನ ಕಟ್ಟುನಿಟ್ಟು ಒಂದೆರಡಲ್ಲ. ಬ್ಲೇಡಿನ ನೇರಕ್ಕೆ ಕೂರಬಾರದು, ಪಕ್ಕಕ್ಕೆ ಕೂರಬೇಕು. ವೈರು ಒದ್ದೆ ನೆಲ ಮುಟ್ಟಬಾರದು. ನೀರು ಬೀಳಬೇಕಾದದ್ದು ಬ್ಲೇಡಿಗೆ, ಮೋಟರಿಗಲ್ಲ. ಇವಕ್ಕೆಲ್ಲ ಅಕ್ಕ ತನ್ನದೊಂದು ಸೇರಿಸಿದ್ದಳು: ನೀರು ನಿಂತಿತೆಂದರೆ ಮಷಿನ್ ನಿಲ್ಲಬೇಕು.

ಆ ಸದ್ದಿನಲ್ಲಿ ಮಾತೆಲ್ಲಿ ಕೇಳಿಸಬೇಕು? ಕಲ್ಲಿನ ಮೂಲೆ ಬಿರುಕು ಬಿಟ್ಟರೆ ಅಕ್ಕ ನೀರು ನಿಲ್ಲಿಸುತ್ತಿದ್ದಳು, ಭಾವ ಸ್ವಿಚ್ ಬಿಡುತ್ತಿದ್ದರು. ಊಟದ ಹೊತ್ತಾದರೂ ನಿಲ್ಲಿಸುತ್ತಿದ್ದಳು. ಬೆಳಗಿನ ಜಗಳ ಇನ್ನೂ ಬಾಕಿಯಿದೆ ಎಂದು ನೆನಪಾದರೂ ನಿಲ್ಲಿಸುತ್ತಿದ್ದಳು. ಭಾವ ಕಿವಿಯ ಪ್ಲಗ್ಗು ಕಿತ್ತು, "ಏನೇ?" ಎನ್ನುತ್ತಿದ್ದರು.

"ಏನಿಲ್ಲ ರೀ. ಮುಖ ಒರೆಸ್ಕೊಳ್ಳಿ, ನೋಡೋಕಾಗಲ್ಲ."

ಜ್ವರವೆಂದು ಮಲಗಿದ ಅಕ್ಕ ಮತ್ತೆ ಏಳಲಿಲ್ಲ. ಕೆಲವು ದಿನ ಗೋಡೆ ನೋಡುತ್ತ ಕೂತಿದ್ದ ಭಾವ ಕೆಲಸಕ್ಕೆ ಮರಳಿದರು, ಆದರೆ ನೀರು ಬಿಡಲು ಬೇರೆ ಯಾರನ್ನೂ ಹತ್ತಿರ ಕೂರಿಸಿಕೊಳ್ಳಲಿಲ್ಲ. ಒಣಗಲ್ಲನ್ನೇ ಕೊಯ್ದರು. ಮಾಸ್ಕ್ ಜೇಬಿನಲ್ಲೇ ಉಳಿಯಿತು. ಸಂಜೆ ಮನೆಗೆ ಬರುವಾಗ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಆಮೇಲೆ ಕೆಮ್ಮು ಹತ್ತಿತು. ಎಳೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ.

"ಈಗ್ಲೇ ನಿಲ್ಸಿದ್ರೆ ಸರಿ," ಎಂದರು ಡಾಕ್ಟರು. "ಹೀಗೇ ಧೂಳು ಕುಡೀತಿದ್ರೆ ನನ್ನ ಹತ್ರ ಬಂದೂ ಪ್ರಯೋಜನ ಇಲ್ಲ."

ಹೊರಗೆ ಬಂದಾಗ ನನಗೆ ಸಿಟ್ಟು ನೆತ್ತಿಗೇರಿತ್ತು. "ಅಕ್ಕನ್ನ ಕಳ್ಕೊಂಡಾಯ್ತು. ಈಗ ನಿಮ್ಮನ್ನೂ ಕಳ್ಕೋಬೇಕಾ ನಾನು?" ಎಂದೆ. ಭಾವ ಚಪ್ಪಲಿ ಮೆಟ್ಟಿಕೊಂಡು ನಡೆದರು.

ನಾನು ಬಿಡುವವನಲ್ಲ. ಒಂದು ಡ್ರಮ್ಮು ತಂದು, ಅದರಿಂದ ಸಣ್ಣ ಪೈಪು ಎಳೆದು ಮಷಿನ್ನಿನಲ್ಲಿ ಬ್ಲೇಡನ್ನು ಮುಚ್ಚುವ ಗಾರ್ಡಿಗೆ ಕಟ್ಟಿದೆ. ಪೈಪಿಗೆ ಅವರು ಬೇಡ ಎನ್ನಲಿಲ್ಲ. ಧೂಳು ಅಡಗಿತು, ಕೆಮ್ಮೂ ಇಳಿಯಿತು. ಆದರೆ ಪೈಪಿನ ನೀರು ನಿಲ್ಲುವುದಿಲ್ಲ, ಹಾಗಾಗಿ ಭಾವನೂ ನಿಲ್ಲುತ್ತಿರಲಿಲ್ಲ. ಊಟದ ಹೊತ್ತು ಮೀರಿ, ಕೈ ಸೋಲುವವರೆಗೂ ಕೊಯ್ಯುತ್ತಿದ್ದರು. ದಣಿದ ಕೈಯಲ್ಲಿ ಮಷಿನ್ ಹಿಡಿಯಬೇಡ ಎಂದು ನನಗೆ ಹೇಳಿಕೊಟ್ಟವರೇ ಅವರು. ಎಂದು ಬೆರಳು ಹೋಗುತ್ತದೋ, ಎಂದು ಜೀವವೇ ಹೋಗುತ್ತದೋ ಎಂದು ಪಕ್ಕದ ಕೋಣೆಯಲ್ಲಿ ಕೆಲಸ ಮಾಡುತ್ತ ನಾನು ಆ ಸದ್ದಿಗೇ ಕಿವಿ ಕೊಟ್ಟಿರುತ್ತಿದ್ದೆ.

ಒಂದು ಮಧ್ಯಾಹ್ನ ಅಡುಗೆಮನೆಯ ಗ್ರಾನೈಟಿನಲ್ಲಿ ಸಿಂಕಿಗೆ ಜಾಗ ಕೊಯ್ಯುತ್ತಿದ್ದ ಸದ್ದು ತಟ್ಟನೆ ನಿಂತಿತು. ಓಡಿಹೋಗಿ ಬಾಗಿಲಲ್ಲಿ ನಿಂತೆ.

ಭಾವನಿಗೆ ಏನೂ ಆಗಿರಲಿಲ್ಲ. ಡ್ರಮ್ಮು ಬರಿದಾಗಿ ನೀರು ನಿಂತಿತ್ತು, ಅಷ್ಟೇ. ಅವರು ಸ್ವಿಚ್ ಬಿಟ್ಟು, ಕಿವಿಯ ಪ್ಲಗ್ಗು ಕಿತ್ತು, ಎಡಕ್ಕೆ ತಿರುಗಿದ್ದರು.

"ಏನೇ?" ಎಂದರು.

ಎಡಕ್ಕೆ ಒದ್ದೆ ನೆಲ ಬಿಟ್ಟರೆ ಏನೂ ಇರಲಿಲ್ಲ. ಭಾವ ಅದನ್ನೇ ನೋಡುತ್ತ ನಿಂತರು. ನಾನಿರುವುದು ಗೊತ್ತಾದ ಮೇಲೂ ತಿರುಗಲಿಲ್ಲ. "ಪೈಪಿಗೆ ಏನ್ ಗೊತ್ತಾಗತ್ತೋ," ಎಂದರು. "ಒಂದ್ ಸಲನಾದ್ರೂ ಮುಖ ಒರೆಸ್ಕೊ ಅನ್ನಲ್ಲ."

ಅಕ್ಕ ಹೋದ ದಿನ ಓಡಾಟದಲ್ಲಿ ನನಗೆ ಅಳಲೂ ಪುರುಸೊತ್ತು ಸಿಕ್ಕಿರಲಿಲ್ಲ. ಆ ಸಾಲವೆಲ್ಲ ಅಲ್ಲೇ ತೀರಿತು. ಮೂಗು ಒರೆಸಿಕೊಂಡು ನನ್ನ ಕುಡಿಯುವ ನೀರಿನ ಬಾಟಲಿ ತಂದೆ, ಮುಚ್ಚಳಕ್ಕೆ ತೂತು ಮಾಡಿ ಎಡಕ್ಕೆ ಕೂತೆ.

"ನಿನ್ನ ಟೈಲ್ಸು?"

"ಅವೇನು ಓಡಿಹೋಗಲ್ಲ. ನೀವು ಶುರು ಮಾಡಿ ಭಾವ."

ಅವರು ಬೇಡ ಎನ್ನುತ್ತಾರೆಂದೇ ಎಣಿಸಿದ್ದೆ. ಭಾವ ಮಷಿನ್ನಿನ ವೈರನ್ನು ಕರೆಂಟಿನಿಂದ ಕಿತ್ತು, ಬ್ಲೇಡಿನಲ್ಲಿ ಬಿರುಕಿದೆಯೇ ಎಂದು ಸುತ್ತ ತಿರುಗಿಸಿ ನೋಡಿ, ಮತ್ತೆ ವೈರು ಸಿಕ್ಕಿಸಿ, ಮೊದಲು ಬರಿದೇ ಓಡಿಸಿದರು. ಆಮೇಲೆ ಗೆರೆಗೆ ಇಳಿಸಿದರು. ನನ್ನ ನೀರು ಕಲ್ಲಿಗೂ ಬಿತ್ತು, ಅವರ ಕಾಲಿಗೂ ಬಿತ್ತು. ಮಷಿನ್ ನಿಲ್ಲಿಸಿ, "ಅವಳ ತಮ್ಮ ಅಂತ ಎಲ್ಲೂ ಹೇಳ್ಕೋಬೇಡ," ಎಂದು ಬೈದರು. ಎಷ್ಟೋ ದಿನಕ್ಕೆ ಕೇಳಿದ ಬೈಗುಳ, ಹಿತವಾಗಿತ್ತು.

ಅಕ್ಕ ಅಷ್ಟು ವರ್ಷವೂ ಅಲ್ಲಿ ಕೂತು ಬ್ಲೇಡ್ ಕಾಯುತ್ತಿದ್ದಳು ಎಂದುಕೊಂಡಿದ್ದೆ. ಅಲ್ಲಿ ಕೂತರೆ ಬ್ಲೇಡು ಗಾರ್ಡಿನ ಮರೆಗೆ ಅರೆಬರೆ ಕಾಣುತ್ತದೆ. ಚೆನ್ನಾಗಿ ಕಾಣುವುದು ಭಾವನ ಮುಖ, ತುಟಿ ಕಚ್ಚಿ ಗೆರೆಯ ಮೇಲೆ ಬಾಗಿದ ಇಡೀ ಮುಖ. ನೀರು ಬಿಡುತ್ತ ನಾನೂ ನೋಡಿದೆ. ಅಕ್ಕ ಇರಬೇಕಿತ್ತು.