ಪಾರ್ವುಲಾ ಎಂಬ ಚೀಟಿ

ಸರೋಜಾ ಮೇಡಂ ಜೊತೆ ಜಯನಗರದಲ್ಲಿ ನಡೆದು ಹೋಗುವುದೆಂದರೆ ನನಗೆ ಮುಜುಗರ. ಫುಟ್‌ಪಾತಿನ ಬಿರುಕಿನಲ್ಲಿ ಉಗುರಿನಷ್ಟು ಗಿಡ ಕಂಡರೂ ಸಾಕು, ಸೆರಗು ಸಿಕ್ಕಿಸಿಕೊಂಡು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಭೂತಗನ್ನಡಿ ತೆಗೆಯುತ್ತಿದ್ದರು. ಹಾದುಹೋಗುವವರು ಪಾಪ, ಅಜ್ಜಿಗೆ ತಲೆ ಸುತ್ತಿರಬೇಕೆಂದು ನೀರಿನ ಬಾಟಲಿ ಚಾಚುತ್ತಿದ್ದರು.

ಅವರು ಸಸ್ಯಶಾಸ್ತ್ರದ ನಿವೃತ್ತ ಲೆಕ್ಚರರ್. ನಾನು ಅವರ ಶಿಷ್ಯೆ, ಆಮೇಲೆ ಅದೇ ಕಾಲೇಜಿನಲ್ಲಿ ಅವರ ಜಾಗಕ್ಕೆ ಬಂದವಳು. ಗಿಡಗಳ ಹೆಸರಿಗೆ ಬೇಕಾದಷ್ಟು ಲ್ಯಾಟಿನ್ ಕಲಿಸಿದ್ದೂ ಅವರೇ. ‘ಪಾರ್ವುಸ್’ ಅಂದರೆ ಸಣ್ಣದು. ಅದಕ್ಕೆ ‘ಉಲುಸ್’ ಸೇರಿದರೆ ‘ಪಾರ್ವುಲುಸ್’, ನಮ್ಮ ‘ಪುಟ್ಟ’ ‘ಪುಟಾಣಿ’ಯಾದ ಹಾಗೆ. ಅಳತೆಯ ಜೊತೆಗೆ ಮುದ್ದೂ ಬಂತು. ಗಿಡದ ಹೆಸರು ಸ್ತ್ರೀಲಿಂಗವಾಗಿದ್ದರೆ ಅದೇ ‘ಪಾರ್ವುಲಾ’. ಇದನ್ನು ಹೇಳುವಾಗ ಮಾತ್ರ ಅವರ ದನಿ ತಗ್ಗುತ್ತಿತ್ತು.

ಒಣಗಿಸಿದ ಗಿಡವನ್ನು ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಹೆಸರು, ಊರು, ತಾರೀಖು ಬರೆದ ಚೀಟಿ ಹಚ್ಚದಿದ್ದರೆ ಸಿಡಿಮಿಡಿಗುಟ್ಟುತ್ತಿದ್ದರು. “ಚೀಟಿ ಇಲ್ದಿದ್ರೆ ಅದು ಕಸ ಕಣೇ, ಎಸಿ” ಎಂಬುದು ಅವರ ಖಾಯಂ ಮಾತು.

ಕಳೆದ ವರ್ಷ ಅವರ ಸಂಗ್ರಹವನ್ನು ಕಾಲೇಜಿಗೆ ಸಾಗಿಸಬೇಕಿತ್ತು. ವಿಂಗಡಿಸಲು ನಾನು ಅವರ ಮನೆಗೆ ಹೋದ ದಿನ ಮೇಡಂ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಬೀರುವಿನ ತಳದಲ್ಲಿ ಒಂದು ಹಳೆಯ ಹಾಳೆ ಸಿಕ್ಕಿತು. ಒಂದೇ ಒಂದು ಹುಲ್ಲಿನ ಎಳೆ, ಚೀಟಿಯಿಲ್ಲ. ಅವರ ನಿಯಮವನ್ನೇ ಪಾಲಿಸಿದೆ. ಕಸದ ಗಾಡಿ ಬಂದಾಗ ಕೈಯಾರೆ ಹಾಕಿಬಂದೆ, ಮಹಾ ಜಾಣೆ ನಾನು.

ಮೇಡಂ ಬಂದವರು ಬೀರುವಿನ ತಳಕ್ಕೆ ಕೈ ಹಾಕಿ ತಡಕಿದರು. ನಾನು ಮಾಡಿದ್ದನ್ನು ಹೇಳಿದೆ. ಬೈಯಲಿಲ್ಲ.

“ಬನಶಂಕರಿ ಸ್ಮಶಾನದ್ದು ಅದು. ನನ್ನ ಮಗೂನ ಮಣ್ಣು ಮಾಡಿದ ಜಾಗದಲ್ಲಿ ಹುಟ್ಟಿತ್ತು. ಒಂಬತ್ತು ದಿನ ಇದ್ಲು. ಹನ್ನೊಂದಕ್ಕೆ ಹೆಸರಿಡೋಣ ಅಂತಿದ್ವಿ. ಚೀಟೀಲಿ ಏನಂತ ಬರೀಲಿ, ಹೇಳು?”

ಮರುದಿನ ನಾನೊಬ್ಬಳೇ ಆ ಸ್ಮಶಾನಕ್ಕೆ ಹೋಗಿ ಹುಡುಕಿದೆ. ಮಕ್ಕಳನ್ನು ಹೂಳುತ್ತಿದ್ದ ಮೂಲೆಗೆ ಯಾವಾಗಲೋ ಕಾಂಕ್ರೀಟು ಹಾಕಿದ್ದರು.

ಮೇಡಂ ಈಗಿಲ್ಲ. ಫುಟ್‌ಪಾತಿನ ಬಿರುಕಿನಲ್ಲಿ ಹುಲ್ಲು ಕಂಡರೆ ಯಾರೋ ನನ್ನನ್ನು ನೋಡುತ್ತಿರುವಂತಾಗುತ್ತದೆ, ತುಳಿಯಲು ಭಯ. ಆಸ್ಪತ್ರೆಯಲ್ಲಿ ಕೊನೆಯ ಸಲ ಕಂಡಾಗ ಅವರು ದಿಂಬಿನಡಿಯಿಂದ ಒಂದು ಹಾಳೆ ತೆಗೆದು ನನ್ನ ಕೈಗಿಟ್ಟರು. ಅದರಲ್ಲಿ ಗಿಡವೇ ಇರಲಿಲ್ಲ. ಮೂಲೆಯಲ್ಲಿ, ನಡುಗುವ ಅಕ್ಷರದಲ್ಲಿ, ಚೀಟಿ ಮಾತ್ರ: ಪಾರ್ವುಲಾ, ಬನಶಂಕರಿ.

“ಇದಕ್ಕೆ ಚೀಟಿ ಇದೆ,” ಅಂದರು. “ಎಸೀಬೇಡ.”